ಬೂಟು ಕಡ್ಡಾಯ

ಐವತ್ತರ ದಶಕದ ಒಂದು ಶನಿವಾರ, ಬೆಳಿಗ್ಗೆ ಆರು ಗಂಟೆ. ದಾವಣಗೆರೆಯ ಗಿರಣಿ ಮೈದಾನದಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಹದಿನೈದು ಆಟಗಾರರಿದ್ದರು, ಕಾರ್ಯದರ್ಶಿಯಾಗಿ ನಾನಿದ್ದೆ. ಕೊಲಂಬೊದಲ್ಲಿ ನಾಲ್ಕು ದೇಶಗಳ ಕ್ಲಬ್ಬುಗಳು ಆಡುವ ಪಂದ್ಯಾವಳಿಗೆ ಕರೆ ಬಂದಿತ್ತು. ಬೂಟು ಕಡ್ಡಾಯ. ಉತ್ತರ ಅಂದೇ ಹೋಗಬೇಕಿತ್ತು.

ನಮ್ಮ ನಾಯಕ ಹರಿಹರದವರು, ಗಿರಣಿಯಲ್ಲಿ ಫಿಟ್ಟರ್. ಪಾದಕ್ಕೆ ಹರಳೆಣ್ಣೆ ತಿಕ್ಕಿಕೊಂಡು ಬರಿಗಾಲಲ್ಲೇ ಆಡುತ್ತಿದ್ದರು, ನಿಂತಲ್ಲಿ ನಿಲ್ಲುವವರಲ್ಲ. "ಅಷ್ಟು ದೂರ ಹೋಗಿ ಆಡಿದ್ರೆ ಏನು ಬರ್ತೈತ್ರಿ?" ಎಂದು ವಾರವಿಡೀ ಕೇಳಿದ್ದರು.

ಅಂದು ಎರವಲು ಬೂಟು ಕಟ್ಟಿಕೊಂಡು ಒದ್ದರು. ಚೆಂಡು ಅಲ್ಲೇ ಉಳಿಯಿತು, ಅವರು ಬಿದ್ದರು.

"ಅಣ್ಣಾ, ಚೆಂಡು ಈ ಕಡೆ ಐತೆ!" ಎಂದು ಗೋಲ್‌ಕೀಪರ್ ಕೂಗಿದ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಗೋಡೆಯ ಬಳಿ ಹೋಗಿ ಒಬ್ಬರೇ ಒದೆಯುತ್ತಲೇ ಇದ್ದರು. ಒಂದೂ ನೇರ ಹೋಗಲಿಲ್ಲ.

ಬೂಟು ಬಿಚ್ಚಿ ನನ್ನ ಬಳಿ ಬಂದರು. "ಬರ್ತೀವಿ ಅಂತ ಬರೀರಿ ಸರ್. ನನ್ನ ಹೆಸರು ಬ್ಯಾಡ."

"ನೀವಿಲ್ಲದೆ ಆಡಿದ್ರೆ ಏನು ಬರ್ತೈತ್ರಿ?" ಎಂದೆ.

"ಅಲ್ಲಿ ಆಡಿದ್ರೆ ಈ ಹುಡುಗ್ರಿಗೆ ಬೂಟಿನ ಆಟ ಬರ್ತೈತ್ರಿ. ವಾಪಸ್ ಬಂದು ನನಗೆ ಕಲಿಸ್ಲಿ."

ನಾಯಕನ ಜಾಗದಲ್ಲಿ ಗೋಲ್‌ಕೀಪರನ ಹೆಸರು ಬರೆದು, ಉತ್ತರವನ್ನು ಲಕೋಟೆಗೆ ಹಾಕಿದೆ. ಅವರು ಲಕೋಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಬರಿಗಾಲಲ್ಲೇ ಓಡಿಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದರು.