ಕಮಾನು ನಿಂತಲ್ಲಿ ಒಂದು ಹೆಜ್ಜೆ

ತಾಳ ತಪ್ಪಿದರೆ ನನಗೆ ಮೈ ಉರಿಯುತ್ತದೆ. ಗಲ್ಫಿನ ಅಲ್ ಮಬೇಲಾದ ನಮ್ಮ ಫ್ಲ್ಯಾಟಿಗೆ ಪಿಟೀಲು ಕಲಿಯಲು ಬರುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಅನ್ನುತ್ತಾರೆ, ಮತ್ತೆ ತಪ್ಪುತ್ತಾರೆ. ಹಾಗಿರುವಾಗ ಮೇಲಿನ ಮನೆಯ ಕೆನಡಾದ ಮೇಷ್ಟ್ರು ತಮ್ಮ ಅಜ್ಜನ ರೀಲನ್ನು ಕೇಳಿಸಿದ ದಿನ ನಾನು ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ರೀಲ್ ಅಂದರೆ ಅವರ ಕಡೆಯ, ಫ್ರೆಂಚ್ ಮಾತಾಡುವ ಹಳ್ಳಿಗಳ ಕುಣಿತದ ಮಟ್ಟು. ನುಡಿಸುವವರು ಕುರ್ಚಿಯಲ್ಲಿ ಕೂತು, ಬೂಟುಗಾಲಿನಿಂದ ಹಲಗೆಯ ಮೇಲೆ ತಟ್ಟುತ್ತ ನುಡಿಸುತ್ತಾರೆ. ಅದೇ ಅವರ ಮೃದಂಗ. ಮೇಷ್ಟ್ರ ಬಳಿ ಒಂದೇ ಮಟ್ಟಿನ ಮೂರು ಧ್ವನಿಮುದ್ರಣಗಳಿದ್ದವು: ಅಜ್ಜನ ಗ್ರಾಮಫೋನ್ ತಟ್ಟೆ, ಅಪ್ಪ ಅಡುಗೆಮನೆಯಲ್ಲಿ ನುಡಿಸಿದ ಟೇಪು, ಇವರೇ ಹರೆಯದಲ್ಲಿ ಮಾಡಿದ ಸಿ.ಡಿ. ಮೂರರಲ್ಲೂ ಎರಡನೇ ಭಾಗದ ಕೊನೆಗೆ ಕಮಾನು, ಕಾಲು ಎರಡೂ ಗಕ್ಕನೆ ನಿಲ್ಲುತ್ತವೆ. ಒಂದು ಏಟಿನಷ್ಟು ಜಾಗ ಖಾಲಿ. ನನ್ನ ಗಂಡ ಕೇಳಿ, "ಇದೆಂತ ಮಾರಾಯ್ತಿ, ಎಡವಿ ಬಿದ್ದ ಹಾಗೆ ಉಂಟಲ್ಲ?" ಎಂದು ನಕ್ಕರು.

ಮೇಷ್ಟ್ರ ಕೈ ನಡುಗತೊಡಗಿತ್ತು, ಕಮಾನು ಹಿಡಿಯಲಾಗುತ್ತಿರಲಿಲ್ಲ. ಕಾಲೇಜಿನ ಕೆಲಸ ಖಲಾಸ್ ಆಗಿ ಊರಿಗೆ ಹೊರಟಿದ್ದರು. ಮಕ್ಕಳಿಲ್ಲ. ಹೋಗುವ ಮೊದಲು ಯಾರಾದರೂ ಇದನ್ನು ಕಲಿಯಬೇಕು ಅನ್ನುವುದೊಂದೇ ಅವರ ಹಂಬಲ. ಕಟ್ಟಡದಲ್ಲಿ ಪಿಟೀಲು ಹಿಡಿದವಳು ನಾನೊಬ್ಬಳೇ, ಕಲಿತೆ. ಆದರೆ ನಮ್ಮ ಚಾಳಿ ಬಿಡುವುದುಂಟೇ? ಆ ಖಾಲಿ ಜಾಗ ಬಂದದ್ದೇ ಹಿಂದಿನ ಸ್ವರವನ್ನು ಎಳೆದು, ಒಂದು ಗಮಕ ಸೇರಿಸಿ ತುಂಬಿಬಿಟ್ಟೆ. ಸರಿಮಾಡಿಕೊಟ್ಟೆ ಎಂಬ ಹೆಮ್ಮೆ ಬೇರೆ.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅಲ್ಲಿ ನುಡಿಸಬೇಡಿ. ಅದು ನನ್ನ ಅಜ್ಜಿಯ ಜಾಗ."

ಆಮೇಲೆ ನಿಧಾನವಾಗಿ ಹೇಳಿದರು. ಅಜ್ಜ ನುಡಿಸುವಾಗ ಅಜ್ಜಿ ಪಕ್ಕದಲ್ಲಿ ಕೂತು, ಆ ಜಾಗದಲ್ಲಿ ತಾನೊಬ್ಬಳೇ ಒಂದು ಹೆಜ್ಜೆ ತಟ್ಟುತ್ತಿದ್ದಳಂತೆ. ಅವಳು ತೀರಿಕೊಂಡ ಮೇಲೆ ಅಜ್ಜ ತಟ್ಟೆ ಮಾಡಿಸಲು ಪಟ್ಟಣಕ್ಕೆ ಹೋದನಂತೆ, ಆ ಜಾಗ ಬಿಟ್ಟೇ ನುಡಿಸಿದನಂತೆ. ಈಗ ಸರಿಯಾಗಿ ಕೇಳಿ ಎಂದು ಹೆಡ್‌ಫೋನ್ ಕೊಟ್ಟರು. ತಟ್ಟೆಯ ಕರಕರದ ನಡುವೆ, ಕಮಾನು ನಿಂತಲ್ಲಿ, ಟಕ್. ಅಜ್ಜನ ಬೂಟಿಗಿಂತ ಹಗುರ. ಟೇಪಿನಲ್ಲೂ ಅದೇ, ಸಿ.ಡಿ.ಯಲ್ಲೂ ಅದೇ. ಹೆಡ್‌ಫೋನ್ ಕಳಚಿ ಕೆಳಗಿಟ್ಟೆ. ತಮ್ಮ ಕೈ ನಿಂತ ಮೇಲೆ ಅಜ್ಜಿ ಎಲ್ಲಿಗೆ ಹೋಗಬೇಕು ಎಂದು ಮೇಷ್ಟ್ರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ಅವರು ಊರು ಸೇರಿದ ಕೆಲವು ತಿಂಗಳಿಗೆ, ಆಸ್ಪತ್ರೆಯಲ್ಲಿದ್ದೇನೆ, ರೀಲ್ ನುಡಿಸಿ ಕಳಿಸುತ್ತೀರಾ ಎಂದು ಸಂದೇಶ ಬಂತು. ಶುಕ್ರವಾರ ಮಧ್ಯಾಹ್ನ, ನಮಾಜಿನ ಹೊತ್ತು, ಕೆಳಗಿನ ವರ್ಕ್‌ಶಾಪುಗಳೆಲ್ಲ ಬಂದ್. ಗಂಡ ಮತ್ರಾ ಪೇಟೆಯ ಸ್ನೇಹಿತರ ಮನೆಗೆ ಹೋಗಿದ್ದರು. ಮೇಲಿನ ಮನೆ ಇನ್ನೂ ಖಾಲಿ. ಏಸಿ ಆರಿಸಿ, ಚಾಪೆ ಹಾಸಿ, ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿಟ್ಟು, ಚಕ್ಕಳಮಕ್ಕಳ ಕೂತು, ನಮ್ಮ ಪದ್ಧತಿಯಂತೆ ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿದೆ. ಹೀಗೆ ಕೂತವರು ಕಾಲು ತಟ್ಟುವಂತಿಲ್ಲ, ತಟ್ಟಿದರೆ ಪಿಟೀಲೇ ಜಾರುತ್ತದೆ. ಆ ಜಾಗ ಬಂದಾಗ ಕಮಾನು ಎತ್ತಿದೆ, ಕಾದೆ, ಮುಂದುವರಿಸಿದೆ. ಮುಗಿಸಿ, ಬೆವರು ಒರೆಸಿಕೊಂಡು, ಕೇಳಿ ನೋಡದೆಯೇ ಕಳಿಸಿದೆ.

ಸಂಜೆ ಫೋನಿಗೆ ಅವರ ಧ್ವನಿಸಂದೇಶ ಬಂತು. ಮಾತು ಎಳೆದೆಳೆದು ಬರುತ್ತಿತ್ತು, ಆದರೂ ಖುಷಿ ತುಂಬಿತ್ತು. "ಟೀಚರ್, ಅಷ್ಟು ಒಳ್ಳೆಯ ಮರದ ಹಲಗೆ ಅಲ್ಲಿ ಎಲ್ಲಿ ಸಿಕ್ಕಿತು?"

ನಮ್ಮ ಮನೆಯ ನೆಲ ಟೈಲ್ಸಿನದು. ಕಳಿಸಿದ್ದನ್ನು ತೆರೆದು ಆ ಜಾಗದವರೆಗೂ ಕೇಳಿದೆ. ಟಕ್. ಹಗುರವಾಗಿ, ಮರದ ಮೇಲೆ. ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಚಾಪೆಯ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮನೆಯಲ್ಲೇ ಇತ್ತು ಎಂದು ಅವರಿಗೆ ಉತ್ತರ ಕಳಿಸಿದೆ.