ಕೈ ಬೀಸಿ ಹೋದ ಬಸ್ಸು

ಓಡುತ್ತಲೇ ಕೈ ಬೀಸಿದೆ. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನಗುತ್ತಾ ತಾನೂ ಕೈ ಬೀಸಿದ. ಬಸ್ಸು ನಿಲ್ಲದೆ ಹೋಗೇಬಿಟ್ಟಿತು.

ತಾಳಗುಪ್ಪದ ಹತ್ತಿರದ ನಮ್ಮೂರಿನಿಂದ ಸಾಗರಕ್ಕೆ ಬೆಳಿಗ್ಗೆ ಇರುವುದು ಅದೊಂದೇ ಬಸ್ಸು. ಅಂದು ಸಾಗರದ ಆಸ್ಪತ್ರೆಯಲ್ಲಿ ಅಕ್ಕನಿಗೆ ಕಣ್ಣಿನ ಆಪರೇಷನ್. ನಾನು ಬಾರದೆ ಅವಳು ಒಳಗೆ ಹೋಗುವವಳಲ್ಲ. ಹಾಗಂತ ಕಂಡಕ್ಟರನನ್ನು ಬೈಯುವಂತೆಯೂ ಇರಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ಓಟದ ರುಚಿ ಹತ್ತಿಸಿಕೊಂಡ ನಾನು, ದಿನವೂ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಓಡುತ್ತೇನೆ. ಮೊದಮೊದಲು ಬಸ್ಸಿಗಾಗಿ ಓಡುತ್ತಿದ್ದೇನೆ ಎಂದುಕೊಂಡು ಪಾಪ ನಿಲ್ಲಿಸುತ್ತಿದ್ದರು. ನಿಲ್ಲಿಸಬೇಡಿ ಎಂದು ಹೇಳಿದವಳು ನಾನೇ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿನ ಹಿಂದೆಯೇ ಓಡಿದೆ. ತಿರುವು ದಾಟಿ, ಏರು ಹತ್ತಿ ನೋಡಿದರೆ ರೈಲ್ವೆ ಗೇಟು ಹಾಕಿತ್ತು. ಬಸ್ಸು ಅಲ್ಲೇ ನಿಂತಿತ್ತು. ಹತ್ತಿದೆ.

"ದಿನಾ ಓಡೋ ಹಂಗೇ ಓಡ್ತಿದೀರಿ ಅಂದ್ಕಂಡೆ ಅಮ್ಮ," ಎಂದ ಕಂಡಕ್ಟರ್.

"ಸೀರೆ ಉಟ್ಕಂಡಾ?" ಎಂದೆ. ಅಷ್ಟು ಕೇಳುವಷ್ಟು ಉಸಿರು ನನ್ನಲ್ಲಿ ಇನ್ನೂ ಉಳಿದಿತ್ತು. ಅದು ನನಗೇ ಆಶ್ಚರ್ಯ.

ಅಕ್ಕನ ಆಪರೇಷನ್ ಸಲೀಸಾಗಿ ಮುಗಿಯಿತು. ಸಂಜೆ ಅದೇ ಬಸ್ಸಿನಲ್ಲಿ ಹಿಂತಿರುಗುವಾಗ ರೈಲ್ವೆ ಗೇಟಿನ ಹತ್ತಿರ ನಿಲ್ಲಿಸಲು ಹೇಳಿದೆ. "ನಿಮ್ಮೂರು ಇನ್ನೂ ಮುಂದೈತಲ್ಲಮ್ಮ," ಎಂದ ಕಂಡಕ್ಟರ್. ಗೊತ್ತು ಎಂದೆ. ಇಳಿದು, ಬಸ್ಸು ಹೊರಡುವ ಮೊದಲೇ ಸೆರಗು ಸಿಕ್ಕಿಸಿಕೊಂಡೆ.