ಒಳಗೆ ಬಿಟ್ಟ ಬಟ್ಟೆ

ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಮೇಜು, ಇಬ್ಬರು ಮನುಷ್ಯರು ಹಿಡಿಯುತ್ತಿದ್ದರು. ಮೂರನೆಯವರು ಬಂದರೆ ಒಬ್ಬರು ಬೀದಿಗಿಳಿಯಬೇಕು. ಇಳಿಯುತ್ತಿದ್ದವಳು ಯಾವಾಗಲೂ ಟೈಲರ್ ಮಾಸ್ಟರ ಹೆಂಡತಿ. ಹೊರಗೆ ಕಟ್ಟೆಯ ಮೇಲೆ ಕೂತು ಕಾಜಾ ಮಾಡಿ ಗುಂಡಿ ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಅವಳು ಗುಂಡಿಯಕ್ಕ. ಇಸ್ತ್ರಿ ಪೆಟ್ಟಿಗೆಯ ಕೆಂಡದ ವಾಸನೆ, ಒದ್ದೆ ಬಟ್ಟೆಯಿಂದೇಳುವ ಹಬೆ, ಗಂಡ ಹಲ್ಲಿನಿಂದ ದಾರ ಕಡಿಯುವ ಸದ್ದು, ಇವತ್ತಿಗೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅವಳಿಗೆ ಮೊದಲು ಬರುವುದು ಇವೇ.

ಮಾಸ್ಟರಿಗೆ ಒಂದು ಚಾಳಿ ಇತ್ತು. ಮಕ್ಕಳ ಬಟ್ಟೆಯಾದರೆ ಅಂಚಿನ ಮಡಿಕೆಯೊಳಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದರು. ಮಗು ಎತ್ತರವಾದಂತೆ ತಾಯಂದಿರು ಅದೇ ಪ್ಯಾಂಟು, ಅದೇ ಫ್ರಾಕು ತರುತ್ತಿದ್ದರು. ಇವರು ಹೊಲಿಗೆ ಬಿಚ್ಚಿ ಇಳಿಸಿಕೊಡುತ್ತಿದ್ದರು. ಮಾಸಿದ ಬಟ್ಟೆಯ ತುದಿಯಲ್ಲಿ ಬಿಸಿಲು ಕಾಣದ ಪಟ್ಟಿಯೊಂದು ಹೊಚ್ಚ ಹೊಸದಾಗಿ ಇಣುಕುತ್ತಿತ್ತು. ಆ ಬೀದಿಯ ಹುಡುಗರ ವಯಸ್ಸನ್ನು ಪಟ್ಟಿ ನೋಡಿಯೇ ಹೇಳಬಹುದಿತ್ತು. ಇಳಿಸುವ ಕೆಲಸಕ್ಕೆ ಸಿಗುತ್ತಿದ್ದುದು ಚಿಲ್ಲರೆ. ಹೊಸದು ಹೊಲಿಸಲು ಬರುವವರು ಅಪರೂಪ.

"ನಿಮ್ಮ ಹೊಟ್ಟೆ ಮೇಲೆ ನೀವೇ ಕತ್ತರಿ ಆಡಿಸ್ಕೋತಿದೀರಿ ರೀ," ಎಂದು ಗುಂಡಿಯಕ್ಕ ಹಂಗಿಸುತ್ತಿದ್ದಳು. ಮಾಸ್ಟರು ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಮುಂದಿನ ಬಟ್ಟೆ ಎಳೆದುಕೊಳ್ಳುತ್ತಿದ್ದರು.

ಮಗಳಿಗೆ ನರ್ಸಿಂಗ್ ಸೀಟು ಸಿಕ್ಕ ವರ್ಷ ಆ ಮೂದಲಿಕೆ ಜಗಳವಾಯಿತು. ಸಿದ್ಧ ಉಡುಪಿನ ಕಾರ್ಖಾನೆಯ ಯಜಮಾನರು ಆಗಲೇ ಎರಡು ಸಲ ಬಂದು, ಕಟಿಂಗ್ ಮಾಸ್ಟರ್ ಕೆಲಸಕ್ಕೆ ಕರೆದಿದ್ದರು. ಇವರು ಎರಡು ಸಲವೂ ಚಹಾ ಕುಡಿಸಿ ಸಾಗಹಾಕಿದ್ದರು. ಮೆಟ್ಟಿಲ ಕೆಳಗಿನ ಅಂಗಡಿಯನ್ನು ಒಮ್ಮೆ ಬಿಟ್ಟರೆ ಅಂಥ ಜಾಗ ಮತ್ತೆ ಸಿಗದೆಂದು ಇಬ್ಬರಿಗೂ ಗೊತ್ತಿತ್ತು. ಆಸೆ ಇದ್ದರೆ ಹುಡುಗಿ ಹೇಗಾದರೂ ಓದುತ್ತಾಳೆ, ದುಡ್ಡಿಗಿಂತ ವಿದ್ಯೆ ದೊಡ್ಡದು ಎಂದು ಮಾಸ್ಟರು ಗಾದೆ ತೆಗೆದರು.

"ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ. ಒಪ್ಪಿದೆ," ಎಂದಳು ಗುಂಡಿಯಕ್ಕ. "ಆದ್ರೆ ಆ ಅಪ್ಪ ಮನೆಗೆ ಬರೋಕೆ ಗಾಡಿ ಬಾಡಿಗೆ ದೊಡ್ಡಪ್ಪನೇ ಕೊಡ್ಬೇಕು."

ಮರುದಿನ ಮಾಸ್ಟರು ಅಂಗಡಿಯ ಬೀಗದ ಕೈ ಮಾಲೀಕನಿಗೆ ಒಪ್ಪಿಸಿ ಬಂದರು.

ಕಾರ್ಖಾನೆ ಸೇರಿದ ಮೊದಲ ವಾರವೇ ಎಡವಟ್ಟಾಯಿತು. ಶಾಲೆಯೊಂದರ ಸಮವಸ್ತ್ರಕ್ಕೆಂದು ಪದರ ಪದರವಾಗಿ ಗೇಣೆತ್ತರ ಹಾಸಿದ್ದ ಬಟ್ಟೆಯನ್ನು, ಕೈಯ ಅಭ್ಯಾಸ ಬಿಡದೆ, ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸಿಬಿಟ್ಟರು. ಕೇಳಿದಷ್ಟು ಪ್ಯಾಂಟಿಗೆ ಬಟ್ಟೆ ಸಾಲಲಿಲ್ಲ. ಯಜಮಾನರು ಬೈಯಲಿಲ್ಲ. ತುಂಡೊಂದನ್ನು ಮೇಜಿನ ಮೇಲೆ ಹರವಿ, "ಮಾಸ್ಟ್ರೇ, ನಮ್ಮಲ್ಲಿ ಮಕ್ಕಳು ಬೆಳೆಯೋದಿಲ್ಲ. ಹೊಸದು ಕೊಂಡ್ಕೋತಾರೆ," ಎಂದರು. ಮನೆಗೆ ಬಂದ ಮಾಸ್ಟರು ಇದನ್ನು ತಮಾಷೆಯೆಂಬಂತೆ ಹೇಳಿದರು. ಗುಂಡಿಯಕ್ಕ ನಕ್ಕಳು, ನಕ್ಕಿದ್ದು ತಾನೊಬ್ಬಳೇ ಎಂದು ಆಮೇಲೆ ತಿಳಿಯಿತು.

ಮತ್ತೆ ಅವರ ಕೈ ತಪ್ಪಲಿಲ್ಲ, ಸಂಬಳವೂ ತಪ್ಪಲಿಲ್ಲ. ಮಗಳು ಓದಿದಳು, ಆಸ್ಪತ್ರೆ ಸೇರಿದಳು, ಗಾಳಿ ಬೆಳಕಿನ ಮನೆಯಾಯಿತು. ಕೊನೆಗೆ ಅವಳೇ ಅಪ್ಪನಿಂದ ಕೆಲಸ ಬಿಡಿಸಿದಳು. ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಮೊಬೈಲ್ ರಿಪೇರಿಯವನು ಕೂತಾಗಿತ್ತು. ಮಾಸ್ಟರು ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಹೂಡಿದರು.

ಹೋದ ತಿಂಗಳು ಹಳೆಯ ಬೀದಿಯ ಹೆಂಗಸೊಬ್ಬಳು ಮಗನ ಸಮವಸ್ತ್ರ ಹಿಡಿದು ಬಂದಳು. ಚಿಕ್ಕಂದಿನಲ್ಲಿ ಮಾಸ್ಟರು ಇಳಿಸಿಕೊಟ್ಟ ಪಟ್ಟಿ ಪಟ್ಟಿಯ ಫ್ರಾಕು ತೊಟ್ಟು ಓಡಾಡಿದವಳು. ಸ್ವಲ್ಪ ಇಳಿಸಿಕೊಡಿ ಮಾಮ ಎಂದಳು. ಮಾಸ್ಟರು ಅಂಚು ಮಗುಚಿ ನೋಡಿದರು. ಒಳಗೆ ಬಟ್ಟೆ ಇರಲಿಲ್ಲ. ಒಳಗೆ ಹೊಲಿದ ಹೆಸರಿನ ಚೀಟಿ ತಾವು ದುಡಿದ ಅದೇ ಕಾರ್ಖಾನೆಯದು; ಕತ್ತರಿಸಿದ ಕೈ ತಮ್ಮದೇ ಇದ್ದೀತು. ಹಳೆಯ ಚೂರುಬಟ್ಟೆಯ ಗಂಟು ಬಿಚ್ಚಿ ಬಣ್ಣ ಹೊಂದುವ ತುಂಡು ಹುಡುಕಿ ಕೂಡಿಸಿದರು. ಕೂಲಿ ಬೇಡವೆಂದರು.

ಗುಂಡಿಯಕ್ಕ ಒಳಗಿನಿಂದ ಬಂದು ಕೈಯೊಡ್ಡಿ ಕೂಲಿ ತೆಗೆದುಕೊಂಡಳು. ಹೆಂಗಸು ಹೋದ ಮೇಲೆ ಗಂಡನ ಎದುರು ಕೂತಳು.

"ಆ ಕತ್ತರೀನೇ ಅಲ್ವಾ ಮಗಳನ್ನ ಓದಿಸಿದ್ದು. ಅದರ ಮೇಲೆ ಮುನಿಸ್ಯಾಕೆ?"

"ಮುನಿಸಿಲ್ಲ, ಇವಳೇ. ನಾಳೆ ಅಂಥ ಹೊತ್ತು ಬಂದ್ರೆ ಮತ್ತೆ ಬೀಗದ ಕೈ ಕೊಟ್ಟು ಬರ್ತೀನಿ," ಎಂದು ಮಾಸ್ಟರು ಯಂತ್ರದ ಮೇಲಿನ ದಾರದ ತುಣುಕುಗಳನ್ನು ಒರೆಸಿದರು. "ಆದ್ರೆ ಆ ಬೀದೀಲಿ ಯಾವ ಮಗು ಬೆಳೀತು ಅನ್ನೋದು ಅಪ್ಪ ಅಮ್ಮನ್ನ ಬಿಟ್ರೆ ಮೊದ್ಲು ನಮಗೇ ಗೊತ್ತಾಗ್ತಿತ್ತು."